ನೇತ್ರಾಣಿ: ಮರದ ತುದಿಯಲ್ಲಿ ಕಡಲ ಹದ್ದು, ನೀರಿನಡಿ ಗಿಣಿಮೀನು

ಭೂಪಟದಲ್ಲಿ ಬಯಲುಸೀಮೆಯ ಮಡಕಶಿರಾದ ಮೇಲೆ ಬೆರಳಿಟ್ಟು ನೇರ ಪಡುವಣಕ್ಕೆ ಎಳೆಯುತ್ತ ಹೋದರೆ ಹಿರಿಯೂರು ಸಿಗುತ್ತದೆ, ಶಿವಮೊಗ್ಗ ಸಿಗುತ್ತದೆ, ಘಟ್ಟ ಇಳಿದ ಮೇಲೆ ಭಟ್ಕಳ ಸಿಗುತ್ತದೆ. ಎಲ್ಲವೂ ಹೆಚ್ಚುಕಡಿಮೆ 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನ ಊರುಗಳೇ. ಬೆರಳು ನೆಲ ಬಿಟ್ಟು ಅರಬ್ಬೀ ಸಮುದ್ರದಲ್ಲಿ ಇನ್ನೊಂದಿಷ್ಟು ಸರಿದರೆ ಒಂದು ಹಸಿರು ಚುಕ್ಕೆ ತಗಲುತ್ತದೆ. ಅದು ನೇತ್ರಾಣಿ. ಅದೇ ಸೀಮೆಯ ರಾಯದುರ್ಗದಿಂದ ಹಕ್ಕಿ ಹಾರುವ ದಾರಿಯಲ್ಲಿ ಅಳೆದರೆ ಸುಮಾರು 280 ಕಿ.ಮೀ., ಮಡಕಶಿರಾದಿಂದ 320 ಕಿ.ಮೀ. ಅಷ್ಟೇ ದೂರ. ಆದರೆ ಒಂದು ಕಡೆ ವರ್ಷಕ್ಕೆ 550 ಮಿ.ಮೀ. ಆಸುಪಾಸಿನ ಮಳೆಯನ್ನೇ ನೆಚ್ಚಿ ಕಡಲೆಕಾಯಿ ಬಿತ್ತುವ ಕೆಂಪು ನೆಲ. ಇನ್ನೊಂದು ಕಡೆ ಅದರ ಆರು ಪಟ್ಟಿಗೂ ಹೆಚ್ಚು ಮಳೆ ಸುರಿಯುವ ಕರಾವಳಿ, ಅದರಾಚೆ ಹವಳ ಬೆಳೆಯುವ ನೀರು.

ನೇತ್ರಾಣಿ ಉತ್ತರ ಕನ್ನಡ ಜಿಲ್ಲೆ ಭಟ್ಕಳ ತಾಲ್ಲೂಕಿಗೆ ಸೇರಿದ ಪುಟ್ಟ ದ್ವೀಪ. ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರ. ಜನವಸತಿ ಇಲ್ಲ. ಸುತ್ತ ಕಡಿದಾದ ಬಂಡೆ, ಮೇಲೆ ದಟ್ಟ ಮರಗಳು, ಬಂಡೆಯ ಬುಡದಲ್ಲಿ ಅಲೆ ಕೊರೆದ ಗುಹೆಗಳು. ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಹೃದಯದ ಆಕಾರ ಕಾಣುತ್ತದೆಂದು ಈಗ ಪ್ರಸಿದ್ಧ. ಮೀನುಗಾರರಲ್ಲಿ ಬಜರಂಗಿ ದ್ವೀಪ ಎಂಬ ಹೆಸರೂ ಇದೆ. ಬ್ರಿಟಿಷರ ದಾಖಲೆಗಳು ಇದನ್ನು ಪಾರಿವಾಳದ ದ್ವೀಪ ಎಂದೇ ಕರೆದವು.

ಪಾರಿವಾಳ ಮತ್ತು ಜೊಲ್ಲಿನ ಗೂಡು

ಆ ಪಾರಿವಾಳ ಬಯಲುಸೀಮೆಯವರಿಗೆ ಹೊಸದಲ್ಲ. ರಾಯದುರ್ಗದ ಕೋಟೆಯ ಬಿರುಕುಗಳಲ್ಲಿ, ಪಾಳುಬಿದ್ದ ಬಾವಿಗಳ ಒಳಗೋಡೆಯಲ್ಲಿ ಗೂಡು ಕಟ್ಟುವ ಬೂದುನೀಲಿ ಪಾರಿವಾಳವೇ ನೇತ್ರಾಣಿಯ ಬಂಡೆಗಳಲ್ಲೂ ಇರುವುದು. ಊರಿನ ಹಂಚುಗಳ ಮೇಲೆ ಕಾಳು ಹೆಕ್ಕುವ ಮೊದಲು ಅದು ಕಡಿದಾದ ಬಂಡೆಯ ಹಕ್ಕಿ. ಮನುಷ್ಯ ಕೋಟೆ, ಗೋಪುರ ಕಟ್ಟಿದಾಗ ಅದಕ್ಕೆ ಅವೂ ಬಂಡೆಗಳಾಗಿಯೇ ಕಂಡವು. ನೇತ್ರಾಣಿಯಲ್ಲಿ ಅದರ ಹಳೆಯ ಮನೆಯನ್ನು ನೋಡಬಹುದು: ಕೆಳಗೆ ನೊರೆಯುವ ಅಲೆ, ಮೇಲೆ ಒಣ ಸಂದು.

ಅದೇ ಗುಹೆಗಳಲ್ಲಿ ಇನ್ನೊಂದು ಹಕ್ಕಿ ಇದೆ, ಭಾರತೀಯ ಸ್ವಿಫ್ಟ್‌ಲೆಟ್. ಉದ್ದ ಹನ್ನೆರಡು ಸೆಂಟಿಮೀಟರ್ ಮಾತ್ರ. ಕಂದು ಮೈ, ಕುಡುಗೋಲಿನಂಥ ರೆಕ್ಕೆ. ಹಗಲೆಲ್ಲ ಗಾಳಿಯಲ್ಲಿ ಹಾರಾಡುತ್ತಲೇ ಹುಳು ಹಿಡಿಯುತ್ತದೆ, ಕತ್ತಲೆಯ ಗುಹೆಯೊಳಗೆ ಹೋಗುವಾಗ ಟಕಟಕ ಸದ್ದು ಹೊರಡಿಸಿ ಮರುದನಿಯಿಂದ ದಾರಿ ಹುಡುಕುತ್ತದೆ. ಬಾವಲಿಯ ಈ ವಿದ್ಯೆ ಹಕ್ಕಿಗಳಲ್ಲಿ ಬಹಳ ಅಪರೂಪ. ಗೂಡು ಕಟ್ಟುವ ಸಾಮಗ್ರಿಯೂ ವಿಚಿತ್ರ: ಸ್ವಂತ ಜೊಲ್ಲು. ಅದಕ್ಕೆ ಗರಿ, ಪಾಚಿ ಬೆರೆಸಿ ಗೋಡೆಗೆ ಅರ್ಧ ಬಟ್ಟಲಿನಂತೆ ಅಂಟಿಸಿ ಎರಡು ಬಿಳಿ ಮೊಟ್ಟೆ ಇಡುತ್ತದೆ. ಚೀನೀಯರ ಪಕ್ಷಿಗೂಡಿನ ಸೂಪಿಗೆ ಬೇಕಾದದ್ದು ಇದರ ಬಳಗದ ಹಕ್ಕಿಗಳ ಗೂಡೇ ಆದ್ದರಿಂದ ಈ ಪುಟ್ಟ ಜೀವದ ಮೇಲೆ ವ್ಯಾಪಾರಿಗಳ ಕಣ್ಣೂ ಬಿತ್ತು. ಭಾರತದ ಹಕ್ಕಿಗಳ ಬಗ್ಗೆ 1862ರಿಂದ 1864ರ ನಡುವೆ ಮಹತ್ವದ ಗ್ರಂಥ ಪ್ರಕಟಿಸಿದ ವೈದ್ಯ ಥಾಮಸ್ ಜೆರ್ಡನ್, ಹೊನ್ನಾವರದ ಕಡಲಿನ ಈ ದ್ವೀಪದ ಸ್ವಿಫ್ಟ್‌ಲೆಟ್‌ಗಳನ್ನು ಅದರಲ್ಲಿ ದಾಖಲಿಸಿದ್ದಾನೆ. ದ್ವೀಪದ ಜೀವಿಗಳ ಲಿಖಿತ ಚರಿತ್ರೆಗೆ ಹೀಗೆ ಒಂದೂವರೆ ಶತಮಾನಕ್ಕೂ ಮೀರಿದ ವಯಸ್ಸು.

ಹದ್ದಿನ ಮನೆ

ದೋಣಿ ದ್ವೀಪವನ್ನು ಸಮೀಪಿಸುವಾಗ ಮೊದಲು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಬಿಳಿಹೊಟ್ಟೆಯ ಕಡಲ ಹದ್ದು. ತಲೆ, ಕತ್ತು, ಹೊಟ್ಟೆ ಹಾಲುಬಿಳಿ. ಬೆನ್ನು ಬೂದಿ ಬಣ್ಣ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡು ಮೀಟರ್ ಮುಟ್ಟುತ್ತದೆ. ಕರಾವಳಿಯಲ್ಲಿ ಇದು ಅಲ್ಲೊಂದು ಇಲ್ಲೊಂದು ಜೋಡಿಯಾಗಿ ಕಾಣುವ ಹಕ್ಕಿ. ಒಂದು ಜೋಡಿ ತನ್ನ ಗಡಿಯೊಳಗೆ ಇನ್ನೊಂದನ್ನು ಸುಲಭವಾಗಿ ಬಿಟ್ಟುಕೊಳ್ಳುವುದಿಲ್ಲ. ನೇತ್ರಾಣಿಯಲ್ಲಿ ಮಾತ್ರ ಹಲವು ಜೋಡಿಗಳು ಹತ್ತಿರ ಹತ್ತಿರವೇ ಸಂಸಾರ ಹೂಡುತ್ತವೆ. ಪಕ್ಷಿತಜ್ಞರು ಈ ಚುಕ್ಕೆ ದ್ವೀಪವನ್ನು ಇಷ್ಟು ಆಸ್ಥೆಯಿಂದ ನೋಡುವುದಕ್ಕೆ ಮುಖ್ಯ ಕಾರಣವೇ ಇದು.

ಎತ್ತರದ ಮರದ ಕವಲಿನಲ್ಲಿ ಕಟ್ಟಿಗೆ ಒಟ್ಟಿ ಮಾಡಿದ ಗೂಡನ್ನು ಹದ್ದುಗಳು ವರ್ಷ ವರ್ಷವೂ ದುರಸ್ತಿ ಮಾಡಿ ಬಳಸುತ್ತವೆ. ಗೂಡು ಬೆಳೆಯುತ್ತಲೇ ಹೋಗಿ ಎತ್ತಿನಗಾಡಿಯ ಹುಲ್ಲಿನ ಹೊರೆಯಂತಾಗುತ್ತದೆ. ಮಳೆಗಾಲ ಕಳೆದ ಮೇಲೆ ಸಾಮಾನ್ಯವಾಗಿ ಎರಡು ಮೊಟ್ಟೆ. ಸುಮಾರು ಆರು ವಾರ ಕಾವು. ಮರಿ ರೆಕ್ಕೆ ಬಲಿತು ಹಾರಲು ಇನ್ನೂ ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಅಷ್ಟು ದಿನವೂ ತಂದೆತಾಯಿ ಕಡಲಿನಿಂದ ಊಟ ಹೊರಬೇಕು.

ಊಟವೆಂದರೆ ಮೀನು, ಅದರ ಜೊತೆಗೆ ಕಡಲ ಹಾವು. ಕಡಲ ಹಾವಿನ ವಿಷ ಭಯಂಕರ. ಆದರೂ ಅದಕ್ಕೊಂದು ದೌರ್ಬಲ್ಯವಿದೆ. ಮೀನಿನಂತೆ ಕಿವಿರಿಲ್ಲ, ಉಸಿರಿಗಾಗಿ ಮೇಲೆ ಬರಲೇಬೇಕು. ಆ ಒಂದು ಕ್ಷಣ ಹದ್ದಿಗೆ ಸಾಕು. ಅದು ಮಿಂಚುಳ್ಳಿಯಂತೆ ನೀರಿಗೆ ಧುಮುಕುವುದಿಲ್ಲ. ಕೆಳಕ್ಕೆ ಜಾರಿ ಬಂದು, ಕಾಲು ಮುಂದೆ ಚಾಚಿ, ನೀರಿನ ಮೈಯನ್ನಷ್ಟೇ ಗೀಚಿಕೊಂಡು ಹೋಗುತ್ತದೆ. ಗೂಡಿನ ಕೆಳಗೆ ಬೀಳುವ ಮೀನಿನ ಮುಳ್ಳು, ಹಾವಿನ ಎಲುಬು, ಹಿಕ್ಕೆ ಎಲ್ಲವೂ ಆ ಮರದ ಬೇರಿಗೇ ಗೊಬ್ಬರ. ಸಮುದ್ರದ ಸತ್ತ್ವ ಹೀಗೆ ಹದ್ದಿನ ಉಗುರಿನಲ್ಲಿ ಕಾಡು ಸೇರುತ್ತದೆ. ದ್ವೀಪದ ಕಾಡನ್ನು ಬೇರೆ, ಕಡಲನ್ನು ಬೇರೆ ಎಂದು ನೋಡುವವರು ಈ ಹಕ್ಕಿಯನ್ನು ಸರಿಯಾಗಿ ನೋಡಿರುವುದಿಲ್ಲ.

ಹರಕೆಯ ಮೇಕೆ

ನೇತ್ರಾಣಿಯಲ್ಲಿ ಬಯಲುಸೀಮೆಯವರು ತಟ್ಟನೆ ಗುರುತು ಹಿಡಿಯುವ ಇನ್ನೊಂದು ಪ್ರಾಣಿ ಇದೆ: ಮೇಕೆ. ಕಡಲಿನ ನಡುವೆ, ಬಂಡೆಯ ಅಂಚಿನಲ್ಲಿ ನಿಂತು ದೋಣಿಯನ್ನು ನೋಡುವ ಮೇಕೆ. ಅದು ತಾನಾಗಿ ಈಜಿ ಬಂದದ್ದಲ್ಲ. ದ್ವೀಪದ ದೈವಕ್ಕೆ ಹರಕೆ ಹೊತ್ತ ಮೀನುಗಾರರು ತಂದು ಜೀವಂತ ಬಿಟ್ಟ ಮೇಕೆಗಳ ಸಂತತಿ ಅಲ್ಲಿ ಕಾಡುಬಿದ್ದಿದೆ. ನೇತ್ರಾಣಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೀನುಗಾರರೆಲ್ಲರಿಗೂ ನಂಬಿಕೆಯ ತಾಣ. ದಡ ಕಾಣದಷ್ಟು ದೂರದಲ್ಲಿ ಗಾಳಿಗೆ ಸಿಕ್ಕವರಿಗೆ ಆಸರೆಯಾಗುವ ಗುಡ್ಡಕ್ಕೆ ಕೈಮುಗಿಯುವುದು ಸಹಜವೇ. ಆ ಭಯಭಕ್ತಿಯಿಂದಲೇ ಇಲ್ಲಿನ ಮರಗಳು ಕೊಡಲಿಯಿಂದ ಬಹಳ ಮಟ್ಟಿಗೆ ಉಳಿದುಕೊಂಡಿವೆ ಎಂಬುದನ್ನೂ ಹೇಳಬೇಕು.

ಆದರೆ ಮೇಕೆಯ ಬಾಯಿ ಹೇಗಿರುತ್ತದೆಂದು ಮಡಕಶಿರಾದ ರೈತರಿಗೆ ವಿವರಿಸಬೇಕಾಗಿಲ್ಲ. ಹುಲ್ಲು ಮುಗಿದರೆ ಚಿಗುರು, ಚಿಗುರು ಮುಗಿದರೆ ತೊಗಟೆ. ಬಯಲಿನಲ್ಲಿ ಅದಕ್ಕೆ ಕಾಯುವವನಿರುತ್ತಾನೆ, ಸಂತೆ ಇರುತ್ತದೆ, ಹೊಂಚುವ ತೋಳವಿರುತ್ತದೆ. ದ್ವೀಪದಲ್ಲಿ ಮೂರೂ ಇಲ್ಲ. ಸಸಿಗಳನ್ನು ಮೇಕೆ ತಿನ್ನುತ್ತ ಹೋದರೆ ಇಂದಿನ ಹಿರಿಯ ಮರ ಬಿದ್ದ ಜಾಗದಲ್ಲಿ ನಾಳೆ ಇನ್ನೊಂದು ಮರ ಏಳುವುದಿಲ್ಲ. ಹದ್ದಿಗೆ ಬೇಕಾದದ್ದು ಅಂಥ ಹಿರಿಯ ಮರವೇ. ಬೇರು ಸಡಿಲವಾದ ಇಳಿಜಾರಿನ ಮಣ್ಣು ಮಳೆಗೆ ತೊಳೆದು ಹೋದರೆ ಕೆಳಗಿರುವ ಹವಳದ ಮೇಲೆ ಕೂರುತ್ತದೆ.

ಇದು ಎಷ್ಟರ ಮಟ್ಟಿಗೆ ಹೋಗಬಲ್ಲದು ಎನ್ನುವುದಕ್ಕೆ ಗಲಪಾಗೋಸ್ ದ್ವೀಪಸ್ತೋಮ ಸಾಕ್ಷಿ. ಅಲ್ಲಿನ ಪಿಂಟಾ ದ್ವೀಪದಲ್ಲಿ 1959ರಲ್ಲಿ ಮೀನುಗಾರರು ಬಿಟ್ಟದ್ದು ಮೂರೇ ಮೇಕೆ. ಒಂದೂವರೆ ದಶಕದೊಳಗೆ ಅವು ಹತ್ತಾರು ಸಾವಿರವಾದವು. ಆ ದ್ವೀಪದ ಆಮೆ ಬಳಗದ ಕೊನೆಯ ಗಂಡು, 'ಒಂಟಿ ಜಾರ್ಜ್' ಎಂದು ಲೋಕವೆಲ್ಲ ಕರೆದದ್ದು, 2012ರ ಜೂನ್‌ನಲ್ಲಿ ತೀರಿಕೊಂಡಿತು. ಅಲ್ಲಿಯೇ ಇಸಬೆಲಾ ಮತ್ತು ಸಾಂಟಿಯಾಗೋ ದ್ವೀಪಗಳಿಂದ 2006ರವರೆಗೆ ನಡೆದ ಕಾರ್ಯಾಚರಣೆಯಲ್ಲಿ ಲಕ್ಷಕ್ಕೂ ಮೀರಿದ ಮೇಕೆಗಳನ್ನು ತೆಗೆಯಬೇಕಾಯಿತು. ನೇತ್ರಾಣಿಯ ಹರಕೆಯನ್ನು ಯಾರೂ ಬಲವಂತದಿಂದ ನಿಲ್ಲಿಸಬೇಕಾಗಿಲ್ಲ. ಜೀವಂತ ಮೇಕೆಯ ಬದಲಿಗೆ ತೆಂಗಿನಕಾಯಿ ಒಪ್ಪಿಸುವ ದಾರಿಯನ್ನು ಮೀನುಗಾರರ ಹಿರಿಯರೊಂದಿಗೆ ಕೂತು ಮಾತಾಡಿದರೆ ಕಂಡುಕೊಳ್ಳಬಹುದು.

ಬಯಲುಸೀಮೆಗೂ ತನ್ನ ದ್ವೀಪಗಳಿವೆ. ದ್ವೀಪವೆಂದರೆ ಸುತ್ತ ನೀರೇ ಇರಬೇಕೆಂದೇನೂ ಇಲ್ಲ. ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಬಂಡೆಗುಡ್ಡವನ್ನು ಭೂವಿಜ್ಞಾನಿಗಳು ಕರೆಯುವ ಜರ್ಮನ್ ಪದ 'ಇನ್ಸೆಲ್‌ಬರ್ಗ್', ಅಂದರೆ ದ್ವೀಪಗುಡ್ಡ. ರಾಯದುರ್ಗ, ಮಡಕಶಿರಾ, ಪೆನುಕೊಂಡದ ಕೋಟೆಬೆಟ್ಟಗಳು ಆ ಅರ್ಥದಲ್ಲಿ ಒಣ ಕಡಲಿನ ದ್ವೀಪಗಳು. ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳ ಕುರುಚಲಿನಲ್ಲಿ ಮಾತ್ರ ಬದುಕುತ್ತದೆ, ಬಯಲಿಗೆ ಇಳಿಯುವುದು ಕಡಿಮೆ. ಅದರ ಪಾಲಿಗೆ ಒಂದು ಗುಡ್ಡದಿಂದ ಇನ್ನೊಂದು ಗುಡ್ಡದ ನಡುವಿನ ಕಡಲೆಕಾಯಿ ಹೊಲವೇ ಸಮುದ್ರ.

ಗುಂಡಿನ ಸದ್ದು

ನೇತ್ರಾಣಿಗೆ ಎದುರಾದ ದೊಡ್ಡ ಆತಂಕ ಮೇಕೆಗಿಂತ ಬೇರೆಯದು. ನೌಕಾಪಡೆ ಹಲವು ವರ್ಷ ಈ ದ್ವೀಪವನ್ನು ಗುರಿಯಭ್ಯಾಸಕ್ಕೆ ಬಳಸಿತು. ಸಿಡಿದ, ಸಿಡಿಯದ ಶೆಲ್ಲುಗಳು ಮರಗಳ ನಡುವೆಯೂ ನೀರಿನಡಿಯೂ ಉಳಿದವು. ಪರಿಸರಾಸಕ್ತರೂ ಮೀನುಗಾರರೂ ಆಕ್ಷೇಪಿಸಿದರು. ರಾಜ್ಯದ ಜೀವವೈವಿಧ್ಯ ಮಂಡಳಿಯೂ ದ್ವೀಪದ ರಕ್ಷಣೆಯ ಪರವಾಗಿ ದನಿಯೆತ್ತಿತು. ಗಡಿ ಕಾಯುವವರಿಗೆ ಅಭ್ಯಾಸ ಬೇಕು, ನಿಜ. ಗೂಡು ಕಟ್ಟಲು ಕಡಲ ಹದ್ದುಗಳು ಒಟ್ಟಾಗಿ ಆರಿಸಿಕೊಂಡ ಜಾಗ ಈ ಕರಾವಳಿಯಲ್ಲಿ ಇನ್ನೊಂದು ಸಿಗುವುದು ಕಷ್ಟ ಎಂಬುದೂ ಅಷ್ಟೇ ನಿಜ.

ಇಂದಿನ ಪ್ರವಾಸಿಗರು ಸಾಮಾನ್ಯವಾಗಿ ದ್ವೀಪವನ್ನು ಹತ್ತುವುದಿಲ್ಲ. ಕಡಿದಾದ ಬಂಡೆ, ಉಳಿದ ಮದ್ದುಗುಂಡು, ಗೂಡಿನಲ್ಲಿರುವ ಮರಿ, ಮೂರೂ ದೃಷ್ಟಿಯಿಂದ ಅದೇ ಒಳ್ಳೆಯದು. ಒಂದು ಬೈನಾಕ್ಯುಲರ್ ಇದ್ದರೆ ನೆಲದ ಜೀವಿಗಳನ್ನು ದೋಣಿಯಲ್ಲಿ ಕೂತೇ ನೋಡಬಹುದು.

ನೀರಿಗಿಳಿದ ಮೇಲೆ

ಹೊರಡುವುದು ಬೆಳಗ್ಗೆ ಬೇಗ. ಹಿಂದೆ ಮುರ್ಡೇಶ್ವರದ 123 ಅಡಿ ಎತ್ತರದ ಶಿವನ ಮೂರ್ತಿ ಸಣ್ಣದಾಗುತ್ತ ಹೋಗುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು ನೀರು ಕಲಕುವುದರಿಂದ ಬೆಳಗಿನ ಹೊತ್ತೇ ಪ್ರಶಸ್ತ. ದಾರಿಯಲ್ಲಿ ರೀವ ಹಕ್ಕಿಗಳು ಒಂದೆಡೆ ಸುತ್ತಿ ಎರಗುತ್ತಿದ್ದರೆ ಕೆಳಗೆ ಸಣ್ಣ ಮೀನಿನ ಹಿಂಡಿದೆ ಎಂದರ್ಥ. ಡಾಲ್ಫಿನ್ ಬೆನ್ನು ಕಾಣುವುದೂ ಉಂಟು.

ಸ್ನಾರ್ಕೆಲಿಂಗ್‌ಗೆ ಬೇಕಾದ ಸಲಕರಣೆ ಮೂರೇ: ಮುಖಕ್ಕೆ ಗಾಜಿನ ಮಾಸ್ಕ್, ಬಾಯಿಗೆ ಉಸಿರಿನ ಕೊಳವೆ, ಕಾಲಿಗೆ ಈಜುಪಾದ. ನೀರಿನಲ್ಲಿ ಬರಿಗಣ್ಣು ಮಂಜಾಗುತ್ತದೆ. ಕಣ್ಣಿನ ಮುಂದೆ ಗಾಳಿಯ ಒಂದು ಪದರ ಇದ್ದರೆ ಮಾತ್ರ ನೋಟ ಸ್ಪಷ್ಟ, ಮಾಸ್ಕ್ ಕೊಡುವುದು ಅದನ್ನೇ. ಆ ಗಾಜಿನ ಮೂಲಕ ಎಲ್ಲವೂ ಇರುವುದಕ್ಕಿಂತ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಕೊಳವೆ ಒಂದೂವರೆ ಅಡಿಗಿಂತ ಉದ್ದ ಇರುವುದಿಲ್ಲ. ಇನ್ನೂ ಉದ್ದ ಮಾಡಿದರೆ ನೀರಿನ ಒತ್ತಡಕ್ಕೆ ಎದೆ ಹಿಗ್ಗುವುದಿಲ್ಲ, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರಿಗೆ ಇಲ್ಲಿನ ಲೈಫ್ ಜಾಕೆಟ್ಟು ಅದೇ ಬೆಂಡಿನ ಹೊಸ ರೂಪ. ಹೊಸದಾಗಿ ಕಲಿಯಬೇಕಾದದ್ದು ಒಂದೇ, ಮುಖವನ್ನು ನೀರಿನಲ್ಲಿ ಮುಳುಗಿಸಿಯೂ ಗಾಬರಿಯಿಲ್ಲದೆ ಬಾಯಲ್ಲಿ ಉಸಿರಾಡುವುದು.

ಸಿಲಿಂಡರ್ ಹೊತ್ತು ಆಳಕ್ಕೆ ಹೋಗುವ ಸ್ಕೂಬಾದವರಿಗೆ ಸಿಗದ ಒಂದು ಭಾಗ್ಯ ಮೇಲೆ ತೇಲುವವರಿಗಿದೆ. ನೀರು ಬೆಳಕಿನ ಕೆಂಪನ್ನು ಮೊದಲ ಕೆಲವೇ ಮೀಟರುಗಳಲ್ಲಿ ನುಂಗಿಬಿಡುತ್ತದೆ. ಆಳದಲ್ಲಿ ಕೆಂಪು ಮೀನೂ ಬೂದಿಯಾಗಿ ಕಾಣುತ್ತದೆ. ಮೇಲ್ಪದರದಲ್ಲಿ ಬಣ್ಣಗಳೆಲ್ಲ ಹಾಗೇ ಇರುತ್ತವೆ.

ಆ ಬಣ್ಣಗಳಲ್ಲಿ ಕಣ್ಸೆಳೆಯುವುದು ಗಿಣಿಮೀನು. ಹಲ್ಲುಗಳು ಕೂಡಿಕೊಂಡು ಗಿಣಿಯ ಕೊಕ್ಕಿನಂತಾಗಿವೆ. ಅದು ಬಂಡೆ, ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಕರಕರ ಸದ್ದು ನೀರಿನಲ್ಲಿ ಕಿವಿಗೆ ಬೀಳುತ್ತದೆ. ಪಾಚಿಯ ಜೊತೆ ಹೋದ ಸುಣ್ಣದ ಚೂರು ಹೊಟ್ಟೆಯಲ್ಲಿ ನುರಿದು ಬಿಳಿ ಮರಳಾಗಿ ಹೊರಬೀಳುತ್ತದೆ. ಹವಳದ ದ್ವೀಪಗಳ ಬೆಳ್ಳನೆಯ ದಡದಲ್ಲಿ ಗಿಣಿಮೀನುಗಳ ಕೊಡುಗೆ ದೊಡ್ಡದು. ಪಾಚಿ ಹೀಗೆ ಕೆರೆದುಹೋದ ಜಾಗದಲ್ಲೇ ಹೊಸ ಹವಳದ ಮರಿ ಅಂಟಿಕೊಳ್ಳುವುದು. ಆದ್ದರಿಂದ ಗಿಣಿಮೀನನ್ನು ಬಲೆ ಹಾಕಿ ಬರಿದು ಮಾಡಿದ ಕಡೆ ಹವಳವೂ ನಿಧಾನ ಸೊರಗುತ್ತದೆ.

ಚಿಟ್ಟೆಮೀನುಗಳು ಜೋಡಿ ಬಿಡದೆ ತಿರುಗುತ್ತವೆ. ಟ್ರಿಗರ್ ಮೀನು ಅಪಾಯ ಕಂಡರೆ ಬಂಡೆಯ ಸಂದಿಗೆ ಹೊಕ್ಕು ಬೆನ್ನಿನ ಮುಳ್ಳನ್ನು ಅಗುಳಿಯಂತೆ ನಿಲ್ಲಿಸಿಕೊಳ್ಳುತ್ತದೆ, ಎಳೆದರೂ ಬರುವುದಿಲ್ಲ. ಮೊರೆ ಹಾವುಮೀನು ಬಾಯಿ ತೆರೆದು ಮುಚ್ಚುವುದು ಕಚ್ಚುವ ಸಿಟ್ಟಿನಿಂದಲ್ಲ, ಕಿವಿರಿಗೆ ನೀರು ಹಾಯಿಸಿಕೊಳ್ಳಲು. ಸಿಂಹಮೀನಿನ ಗರಿಯಂಥ ಮುಳ್ಳುಗಳಲ್ಲಿ ವಿಷವಿದೆ. ಮೀನುಪೇಟೆಯಲ್ಲಿ ಕಂಡ ಮುರು, ಕೆಂಬೇರಿ, ತೊರಕೆಗಳು ಇಲ್ಲಿ ತಮ್ಮ ಮನೆಯಲ್ಲಿರುತ್ತವೆ. ಕಡಲಾಮೆ ಕಾಣಿಸಿದರೆ ದಿನ ಸಾರ್ಥಕ. ಎಂದಾದರೊಮ್ಮೆ ತಿಮಿಂಗಿಲ ಶಾರ್ಕ್ ಹಾದುಹೋಗುತ್ತದೆ. ಜಗತ್ತಿನ ಅತಿ ದೊಡ್ಡ ಮೀನಾದ ಇದಕ್ಕೂ, ದಿಬ್ಬ ಕಟ್ಟುವ ಹವಳಕ್ಕೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯ ರಕ್ಷಣೆ ದೊರಕಿತು. ಎಂದರೆ ಕಾನೂನಿನ ಕಣ್ಣಲ್ಲಿ ಹವಳ ಮುರಿಯುವುದು ಹುಲಿಯನ್ನು ಕೊಲ್ಲುವಷ್ಟೇ ಗಂಭೀರ ಅಪರಾಧ.

ಹವಳ ಕಲ್ಲಿನಂತೆ ಕಂಡರೂ ಕಲ್ಲಲ್ಲ. ಪುಟಾಣಿ ಪ್ರಾಣಿಗಳ ವಠಾರ. ಅವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಬಾಡಿಗೆಯಂತೆ ಒಡೆಯರಿಗೂ ಕೊಡುತ್ತದೆ. ಬಿಸಿಲು ತಲುಪಬೇಕೆಂದರೆ ನೀರು ತಿಳಿಯಾಗಿರಬೇಕು. ಕರ್ನಾಟಕದ ದಡದುದ್ದಕ್ಕೂ ಕಾಳಿ, ಶರಾವತಿಯಂಥ ನದಿಗಳು ಮಳೆಗಾಲದಲ್ಲಿ ಕೆಂಪು ಮಣ್ಣು ತಂದು ಸುರಿಯುವುದರಿಂದ ಅಲ್ಲಿ ಹವಳಕ್ಕೆ ನೆಲೆ ಸಿಗುವುದು ಕಷ್ಟ. ನೇತ್ರಾಣಿ ಆ ರಾಡಿಯಿಂದ ದೂರವಿರುವುದರಿಂದ ಬಂಡೆಗಳ ಮೇಲೆ ಪೊರೈಟಿಸ್‌ನಂಥ ಗುಂಡುಗುಂಡಾದ ಗಟ್ಟಿ ಹವಳಗಳು ಅಲ್ಲಲ್ಲಿ ಹಬ್ಬಿಕೊಂಡಿವೆ. ಇದು ಲಕ್ಷದ್ವೀಪದಂತೆ ಹವಳವೇ ಕಟ್ಟಿದ ನೆಲವಲ್ಲ, ಬಂಡೆಯ ಮೇಲೆ ಒಕ್ಕಲು ಕೂತ ಹವಳ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮುಳುಗಿ ನೋಡಿ ಪಟ್ಟಿ ಮಾಡಿದ ಇಲ್ಲಿನ ಜೀವಿಗಳ ವಿವರ 2008ರಲ್ಲಿ ಪ್ರಕಟವಾಯಿತು. ಜನಸಾಮಾನ್ಯರಿಗೆ ಈ ಲೋಕ ಹೆಚ್ಚು ಪರಿಚಯವಾದದ್ದು ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ'ಯಿಂದ. ಅವರು ತೀರಿಕೊಂಡು ಒಂದು ವರ್ಷಕ್ಕೆ, 2022ರ ಅಕ್ಟೋಬರ್‌ನಲ್ಲಿ ತೆರೆಕಂಡ ಆ ಸಾಕ್ಷ್ಯಚಿತ್ರದಲ್ಲಿ ಅವರು ನೇತ್ರಾಣಿಯ ನೀರಿಗಿಳಿಯುತ್ತಾರೆ. ಆಮೇಲೆ ಮುರ್ಡೇಶ್ವರದಲ್ಲಿ ನೇತ್ರಾಣಿಯ ದಾರಿ ಕೇಳುವವರು ಹೆಚ್ಚಿದರೆ ಆಶ್ಚರ್ಯವಿಲ್ಲ.

ಜನ ಹೆಚ್ಚಿದಂತೆ ಎಚ್ಚರವೂ ಹೆಚ್ಚಬೇಕು. ಲಂಗರು ಹವಳದ ಮೇಲೆ ಬೀಳಬಾರದು. ದಣಿದವರು ಹವಳದ ಮೇಲೆ ಕಾಲೂರಿ ನಿಲ್ಲಬಾರದು. ವರ್ಷಕ್ಕೆ ಒಂದೆರಡು ಸೆಂಟಿಮೀಟರಿನಷ್ಟೂ ಬೆಳೆಯದ ಗುಂಡು ಹವಳ ಒಂದು ಒದೆತಕ್ಕೆ ಕಳೆದುಕೊಂಡದ್ದನ್ನು ಮರಳಿ ಪಡೆಯಲು ವರ್ಷಗಳೇ ಬೇಕು. ಮಹಾರಾಷ್ಟ್ರ ತನ್ನ ಮಾಲ್ವಣದ ಕಡಲನ್ನು 1987ರಲ್ಲೇ ಸಾಗರ ಅಭಯಾರಣ್ಯವನ್ನಾಗಿ ಮಾಡಿತು. ಕರ್ನಾಟಕದಲ್ಲಿ ಹೊನ್ನಾವರದ ಅಪ್ಸರಕೊಂಡ–ಮುಗಳಿ ಕಡಲಿಗೆ ಅಂಥ ರಕ್ಷಣೆ ಕೊಡುವ ಹೆಜ್ಜೆ ಇಡಲಾಗಿದೆ. ನೇತ್ರಾಣಿಗೂ ಅದೇ ಗೌರವ ಸಲ್ಲಬೇಕು.

ಉಳಿದ ದ್ವೀಪಗಳು

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳು ಜೀವಿಗಿಂತ ಕಲ್ಲಿಗೆ ಪ್ರಸಿದ್ಧ. ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದಾಗ, ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ಆರಿ ಕಂಬ ಕಂಬಗಳಾಗಿ ನಿಂತಿದೆ. ಕಾರವಾರದ ಎದುರು ದೇವಗಡದ ದೀಪಸ್ತಂಭವಿದೆ, ಕೂರ್ಮಗಡವಿದೆ. ಹೊನ್ನಾವರದ ಬಳಿ ಕೋಟೆ ಹೊತ್ತ ಬಸವರಾಜದುರ್ಗ.

ನಿಜವಾದ ಹವಳದ್ವೀಪ ನೋಡಬೇಕೆಂದರೆ ಲಕ್ಷದ್ವೀಪಕ್ಕೇ ಹೋಗಬೇಕು. ಅಲ್ಲಿನ ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ ದ್ವೀಪಗಳು 1956ರವರೆಗೆ ಮಂಗಳೂರಿನಲ್ಲಿ ಕೂತ ದಕ್ಷಿಣ ಕನ್ನಡದ ಕಲೆಕ್ಟರರ ಆಡಳಿತದಲ್ಲಿದ್ದವು ಎಂಬುದು ಕನ್ನಡಿಗರು ಮರೆತಿರುವ ಸಂಗತಿ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಅಲ್ಲಿನ ಹವಳವನ್ನು ಎಡೆಬಿಡದೆ ಗಮನಿಸುತ್ತ ಬಂದಿದ್ದಾರೆ. ನೀರು ಮಾಮೂಲಿಗಿಂತ ಒಂದು ಡಿಗ್ರಿ ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998, 2010, 2016ರಲ್ಲಿ ಹಾಗಾಯಿತು. ಅಗತ್ತಿ, ಕಡ್ಮತ್, ಕವರತ್ತಿಗಳಲ್ಲಿ 1998ರಲ್ಲಿ ಶೇ. 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ ಶೇ. 20ಕ್ಕಿಂತ ಕೆಳಗಿಳಿದಿತ್ತು. ಬಿಸಿಯಾಗುತ್ತಿರುವುದು ಇಡೀ ಅರಬ್ಬೀ ಸಮುದ್ರ, ನೇತ್ರಾಣಿ ಇರುವುದೂ ಅದರಲ್ಲೇ.

ಜೂನ್ ಬಂತೆಂದರೆ ಈ ನೀರೆಲ್ಲ ಮನುಷ್ಯರಿಗೆ ಮುಚ್ಚುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮುಳುಗುವವರ ದೋಣಿಗಳನ್ನೂ ದಡಕ್ಕೆ ಎಳೆದು ಮುಚ್ಚಿಡುತ್ತಾರೆ. ನೈರುತ್ಯದ ಮೋಡ ಮೊದಲು ನೇತ್ರಾಣಿಯ ಮರಗಳನ್ನು ತೋಯಿಸಿ, ಕರಾವಳಿಯಲ್ಲಿ ಸುರಿದು, ಘಟ್ಟದಲ್ಲಿ ಹಗುರಾಗಿ, ಹಿರಿಯೂರು ದಾಟಿ ಮಡಕಶಿರಾದ ಮೇಲೆ ಬರುವಾಗ ಬಿತ್ತನೆಗೆ ಸಾಕಾಗುವಷ್ಟು ಹನಿ ಉಳಿಸಿಕೊಂಡಿದ್ದರೆ ಅದೇ ಪುಣ್ಯ. ಅಕ್ಟೋಬರಿನ ಹೊತ್ತಿಗೆ ಕಡಲು ತಿಳಿಯಾಗಿ ದೋಣಿಗಳು ಮತ್ತೆ ನೀರಿಗಿಳಿಯುವಾಗ, ಹದ್ದುಗಳು ಹಳೆಯ ಗೂಡಿಗೆ ಹೊಸ ಕಟ್ಟಿಗೆ ಹೊರಲು ಶುರುಮಾಡಿರುತ್ತವೆ.